ವ್ಯಾಪಾರದ ಬರಕ್ಕೂ ಪರಿಹಾರ ಬೇಕು

ಮಂಡ್ಯ ಜಿಲ್ಲೆಯ ಮಳವಳ್ಳಿ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಸರ್ಕಾರ ಏನು ಮಾಡಬೇಕೆಂಬುದಕ್ಕೆ ಒಂದು ಕ್ರಮವಿದೆ. ಮಳೆಯ ಕೊರತೆ ಎಷ್ಟು, ಎಷ್ಟು ವಾರ ಹನಿ ಬಿದ್ದಿಲ್ಲ, ಬಿತ್ತನೆ ಎಷ್ಟಾಗಿದೆ, ಮಣ್ಣಿನಲ್ಲಿ ತೇವ ಎಷ್ಟು ಉಳಿದಿದೆ ಎಂದು ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಲೆಕ್ಕ ಹಾಕುತ್ತಾರೆ. ಅಳತೆ ಮಿತಿ ದಾಟಿದರೆ ತಾಲೂಕನ್ನು ಬರಪೀಡಿತವೆಂದು ಘೋಷಿಸುತ್ತಾರೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಹೀಗೆ ಘೋಷಣೆಯಾದವು, ಮಂಡ್ಯ ಜಿಲ್ಲೆಯ ತಾಲೂಕುಗಳೂ ಆ ಪಟ್ಟಿಯಲ್ಲಿದ್ದವು. ಪರಿಹಾರದ ಹಣಕ್ಕಾಗಿ ರಾಜ್ಯ ಸರ್ಕಾರ 2024ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಕೈಗೆ ಬಂದದ್ದು ತಡವಾಗಿ ಬಂತು, ಸಾಲುವಷ್ಟೂ ಬರಲಿಲ್ಲ. ಅಷ್ಟಾದರೂ ರೈತ ತಾಲೂಕು ಕಚೇರಿಗೆ ಹೋಗಿ ‘ನನ್ನ ಹೆಸರು ಪಟ್ಟಿಯಲ್ಲಿದೆಯಾ?’ ಎಂದು ಕೇಳಬಹುದಿತ್ತು. ಕೇಳುವ ಹಕ್ಕು ಅವನಿಗಿತ್ತು.

ಅದೇ ರೈತನ ಬೆಳೆ ಒಳ್ಳೆಯದಾಗಿ ಬಂದು, ದೆಹಲಿಯಲ್ಲಿ ಹೊರಟ ಒಂದು ಅಧಿಸೂಚನೆಯಿಂದ ಬೆಲೆ ನೆಲಕ್ಕೆ ಬಿದ್ದರೆ ಅವನು ಯಾವ ಕಚೇರಿಗೆ ಹೋಗಬೇಕು? ಮದ್ದೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳ ಕೆಲಸ ವಾಷಿಂಗ್ಟನ್ನಿನ ಒಂದು ಸುಂಕದ ಆದೇಶದಿಂದ ಹೋದರೆ ಅವಳು ಯಾರ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು? ಇದಕ್ಕೆ ನಮ್ಮ ವ್ಯವಸ್ಥೆಯಲ್ಲಿ ಉತ್ತರವಿಲ್ಲ. ಅಂತರರಾಷ್ಟ್ರೀಯ ವ್ಯಾಪಾರದಿಂದ ಪೆಟ್ಟು ತಿಂದ ಬೆಳೆಗಾರ, ಕೂಲಿ, ಸಣ್ಣ ಉದ್ದಿಮೆದಾರ ಮತ್ತು ಕಾರ್ಖಾನೆಯ ಕೆಲಸಗಾರರಿಗೆ ಬರ ಪರಿಹಾರದ ಹಾಗೆಯೇ ಕಾನೂನಿನ ಬಲವುಳ್ಳ ಪರಿಹಾರ ಇರಬೇಕು, ಅದು ತಾಲೂಕು ಮಟ್ಟದಲ್ಲಿ ಘೋಷಣೆಯಾಗಬೇಕು, ಹಣ ನೇರವಾಗಿ ನೊಂದವರ ಖಾತೆಗೆ ಹೋಗಬೇಕು ಎಂಬುದು ಈ ಲೇಖನದ ವಾದ.

ರೇಷ್ಮೆಯಿಂದ ಶುರುಮಾಡೋಣ. ಮಂಡ್ಯ ಎಂದರೆ ಹೊರಗಿನವರಿಗೆ ಕಬ್ಬು, ಭತ್ತ. ಆದರೆ ಮಳವಳ್ಳಿ ಮತ್ತು ಮದ್ದೂರು ತಾಲೂಕುಗಳ ಬಹುಭಾಗ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕನ್ನಂಬಾಡಿ ಅಣೆಕಟ್ಟು ತುಂಬಿದ ವರ್ಷವೂ ಕೊನೆಯ ತೂಬಿಗೆ ನೀರು ಬರುತ್ತದೆಂಬ ಖಾತ್ರಿ ಇಲ್ಲ. ಕೊಳವೆಬಾವಿಯ ಅಷ್ಟಿಷ್ಟು ನೀರಿನಲ್ಲಿ ಒಂದೆರಡು ಎಕರೆ ಇಟ್ಟುಕೊಂಡು ಸಂಸಾರ ನಡೆಸಬೇಕಾದವರಿಗೆ ಇಲ್ಲಿ ಹಿಪ್ಪುನೇರಳೆ ಕೈಹಿಡಿದಿದೆ. ಒಮ್ಮೆ ನೆಟ್ಟರೆ ಹತ್ತು ಹನ್ನೆರಡು ವರ್ಷ ಸೊಪ್ಪು ಕೊಡುತ್ತದೆ. ವರ್ಷಕ್ಕೆ ಐದಾರು ಬೆಳೆ ತೆಗೆಯಬಹುದು. ಕಬ್ಬಿನವನಂತೆ ಹನ್ನೆರಡು ತಿಂಗಳು ಕಾದು, ಆಮೇಲೆ ಕಾರ್ಖಾನೆಯ ಬಾಕಿಗಾಗಿ ಮತ್ತೆ ಕಾಯುವ ಪಾಡು ಇಲ್ಲ. ಗೂಡು ಮಾರಿದ ಕೂಡಲೇ ದುಡ್ಡು ಎಂಬುದೇ ಈ ಬೆಳೆಯ ಆಕರ್ಷಣೆ.

ಆ ದುಡ್ಡಿನ ಹಿಂದಿನ ದುಡಿಮೆ ಹತ್ತಿರದಿಂದ ನೋಡಿದವರಿಗಷ್ಟೇ ಗೊತ್ತು. ಚಾಕಿ ಹುಳು ತಂದ ದಿನದಿಂದ ಗೂಡು ಬಿಡಿಸುವವರೆಗೆ ಮನೆಮಂದಿಯ ದಿನಚರಿಯೆಲ್ಲ ಹುಳು ಮನೆಯ ಸುತ್ತಲೇ. ಪೊರೆ ಕಳಚುವ ನಾಲ್ಕು ಜ್ವರ ದಾಟುವವರೆಗೆ ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಬೀಳಬೇಕು. ಕೊನೆಯ ಜ್ವರದ ನಂತರವಂತೂ ಎಷ್ಟು ಹಾಕಿದರೂ ಸಾಲದು. ಬೆಳಗಿನ ಜಾವಕ್ಕೇ ಸೊಪ್ಪು ಕೊಯ್ಯಲು ಕೂಲಿ ಹೆಂಗಸರು ಬರಬೇಕು. ಉಜ್ಜಿ ನೊಣ ಒಳಗೆ ಬಾರದಂತೆ ಪರದೆ, ಸುಣ್ಣದ ಪುಡಿ, ಹಿಕ್ಕೆ ತೆಗೆಯುವುದು, ಸೆಕೆ ಹೆಚ್ಚಿದರೆ ಗೋಣಿತಾಟು ನೆನೆಸಿ ಕಟ್ಟುವುದು. ಹುಳು ಹಣ್ಣಾದ ರಾತ್ರಿ ಮಕ್ಕಳೂ ನಿದ್ದೆಗೆಟ್ಟು ಚಂದ್ರಿಕೆಗೆ ಬಿಡುತ್ತಾರೆ. ಇಷ್ಟಾಗಿ ಕೈಗೆ ಬಂದ ಗೂಡನ್ನು ಬೆಲೆ ಬರಲಿ ಎಂದು ಇಟ್ಟುಕೊಳ್ಳುವಂತಿಲ್ಲ. ಹತ್ತು ಹನ್ನೆರಡು ದಿನ ಕಳೆದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಅದರಿಂದ ನೂಲು ಬಿಚ್ಚಲಾಗದು. ರಾಮನಗರದ ಮಾರುಕಟ್ಟೆಗೆ ಹೋದವನು ಅಂದಿನ ಹರಾಜಿನಲ್ಲಿ ಕೂಗಿದ ಬೆಲೆಗೆ ಕೊಟ್ಟು ಬರಬೇಕು. ರಾಗಿಯನ್ನು ವಾಡೆಗೆ ತುಂಬಿಡಬಹುದು, ಗೂಡಿಗೆ ಆ ಅನುಕೂಲವಿಲ್ಲ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಸುಂಕದ ಏರಿಳಿತ ಬೇರೆ ಬೆಳೆಗಿಂತ ರೇಷ್ಮೆಯನ್ನೇ ಏಕೆ ಇಷ್ಟು ಬೇಗ ಕೊಲ್ಲುತ್ತದೆ ಎಂಬುದು ಅರ್ಥವಾಗುತ್ತದೆ.

ಹೊರಗಿನ ರೇಷ್ಮೆಯ ಕಾಟ ಇಂದಿನದಲ್ಲ. 1930ರ ದಶಕದ ಮಹಾ ಕುಸಿತದಲ್ಲಿ ಜಪಾನ್ ಮತ್ತು ಚೀನಾದ ಅಗ್ಗದ ರೇಷ್ಮೆ ನುಗ್ಗಿ ಮೈಸೂರು ಸೀಮೆಯ ಬೆಳೆಗಾರರು ತತ್ತರಿಸಿದಾಗ ಬ್ರಿಟಿಷ್ ಸರ್ಕಾರದ ಸುಂಕ ಮಂಡಳಿ 1933ರಲ್ಲಿ ವಿಚಾರಣೆ ನಡೆಸಿತು, ಮರು ವರ್ಷ ರಕ್ಷಣಾ ಸುಂಕ ಬಂತು. 2001ರಲ್ಲಿ ಭಾರತ ಆಮದಿನ ಮೇಲಿನ ಪ್ರಮಾಣ ನಿರ್ಬಂಧಗಳನ್ನು ತೆಗೆದ ಮೇಲೆ ಚೀನಾದ ನೂಲು ಮತ್ತೆ ಹೊಳೆಯಾಗಿ ಹರಿಯಿತು. 2003ರಲ್ಲಿ ಅದನ್ನು ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯಲು ಆ್ಯಂಟಿ-ಡಂಪಿಂಗ್ ಸುಂಕ ಹೇರಿದರು. ಆಮೇಲೆ ಬಂದದ್ದು 2011ರ ಫೆಬ್ರುವರಿ 28ರ ಬಜೆಟ್. ಅಂದಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿಯವರು ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಕೆ.ಜಿ.ಗೆ 300 ರೂಪಾಯಿ ಮುಟ್ಟಿದ್ದ ಗೂಡು ಆ ವರ್ಷದ ನಡುವೆ ಅರ್ಧಕ್ಕೆ ಬಿತ್ತು. ಹಳೇ ಮೈಸೂರಿನ ಉದ್ದಗಲಕ್ಕೂ ರೈತರು ರಸ್ತೆಗಿಳಿದರು, ಸಾಲ ಮಾಡಿ ಬೆಳೆಸಿದ ಹಿಪ್ಪುನೇರಳೆಯನ್ನು ಬೇರುಸಮೇತ ಕಿತ್ತರು. 2013ರ ಬಜೆಟ್‌ನಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಿದರು. ನಂತರ ಶೇ 10ಕ್ಕೆ ಇಳಿಸಿ, 2021ರಲ್ಲಿ ಮತ್ತೆ ಶೇ 15 ಮಾಡಿದರು.

ಈ ಏರಿಳಿತದ ಪಟ್ಟಿಯಲ್ಲಿ ಕಣ್ಣಿಗೆ ಬೀಳದ ಸಂಗತಿಯೊಂದಿದೆ. 2011ರಲ್ಲಿ ಕಿತ್ತ ತೋಟ 2013ರ ಸುಂಕದಿಂದ ಚಿಗುರಲಿಲ್ಲ. ಹೊಸದಾಗಿ ನೆಟ್ಟು ಸೊಪ್ಪು ಕೈಗೆ ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು, ಆ ಒಂದು ವರ್ಷದ ಊಟಕ್ಕೆ ದಾರಿ ಬೇಕು, ಹುಳು ಮನೆ ಕಟ್ಟಲು ತಂದ ಸಾಲದ ಬಡ್ಡಿ ಆ ಹೊತ್ತಿಗೆ ಅಸಲನ್ನು ಹಿಡಿಯಲು ಹೊರಟಿರುತ್ತದೆ. ಬೆಲೆ ಬಿದ್ದ ಎರಡು ವರ್ಷ ಹೇಗೋ ಉಸಿರು ಹಿಡಿದವನು ಉಳಿದ. ಹಿಡಿಯಲಾಗದವನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋದ. ಸುಂಕ ಏರಿಸುವುದೇ ಪರಿಹಾರವೆಂದು ನಂಬಿದವರು ಈ ಎರಡನೆಯವನ ಲೆಕ್ಕ ಇಟ್ಟಿಲ್ಲ.

ಹಾಗಾದರೆ ಸುಂಕವನ್ನು ಶಾಶ್ವತವಾಗಿ ಎತ್ತರದಲ್ಲಿಟ್ಟರೆ ಸಾಲದೇ ಎಂದು ಕೇಳಬಹುದು. ನಮ್ಮ ರೈತ ಸಂಘಟನೆಗಳ ಬೇಡಿಕೆಯೂ ಬಹುಪಾಲು ಇದೇ. ಆ ಬೇಡಿಕೆಯ ಹಿಂದಿನ ನೋವಿನ ಬಗ್ಗೆ ನನಗೆ ಪೂರ್ಣ ಗೌರವವಿದೆ, ಡಂಪಿಂಗ್ ನಡೆದಾಗ ಸುಂಕ ಬೇಕೇ ಬೇಕು. ಆದರೆ ಇದೇ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲೂಕಿನ ಕೊಡಿಯಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳಿವೆ. ಮಗ್ಗದವನಿಗೆ ನೂಲು ಎಷ್ಟು ತುಟ್ಟಿಯೋ ಅಷ್ಟು ಕಷ್ಟ. ಒಂದು ಕೆ.ಜಿ. ನೂಲಿಗೆ ಏಳೆಂಟು ಕೆ.ಜಿ. ಮಿಶ್ರತಳಿ ಗೂಡು ಬೇಕಾಗುವುದರಿಂದ ಗೂಡಿನ ಬೆಲೆಯಲ್ಲಿ ಐವತ್ತು ರೂಪಾಯಿ ಏರಿದರೂ ನೂಲಿನಲ್ಲಿ ಮುನ್ನೂರೈವತ್ತು ನಾನೂರು ರೂಪಾಯಿ ಏರುತ್ತದೆ. 2011ರ ಸುಂಕ ಕಡಿತವನ್ನು ನೇಕಾರರ ಹೆಸರಿನಲ್ಲೇ ಸಮರ್ಥಿಸಿಕೊಂಡರು, ನೇಕಾರರಿಗೆ ಅದರಿಂದ ಅನುಕೂಲವಾಗಲಿಲ್ಲ ಎಂದು ಹೇಳುವುದೂ ಸರಿಯಲ್ಲ. ಒಂದೇ ಜಿಲ್ಲೆಯಲ್ಲಿ ಒಬ್ಬ ಬಡವನ ಲಾಭ ಇನ್ನೊಬ್ಬ ಬಡವನ ನಷ್ಟವಾಗುವ ವಿಷಯದಲ್ಲಿ, ಇಬ್ಬರನ್ನೂ ಒಂದೇ ಸುಂಕದ ದರಕ್ಕೆ ಕಟ್ಟಿಹಾಕಿ ನ್ಯಾಯ ಕೊಡಲು ಬರುವುದಿಲ್ಲ. ದರ ಯಾವ ಕಡೆ ವಾಲಿದರೂ ಒಬ್ಬನ ಕುತ್ತಿಗೆಗೆ ಬರುತ್ತದೆ. ನೂಲು ಅಗ್ಗವಾಗಬೇಕೆಂದು ದೇಶ ತೀರ್ಮಾನಿಸಿದರೆ ಆ ತೀರ್ಮಾನದ ಬೆಲೆಯನ್ನು ಮಳವಳ್ಳಿಯ ಬೆಳೆಗಾರನೊಬ್ಬನೇ ತೆರಬಾರದು. ಇಡೀ ದೇಶ ಹಂಚಿಕೊಳ್ಳಬೇಕು.

ಸುಂಕದ ದಾರಿಗೆ ಇನ್ನೊಂದು ತೊಡಕಿದೆ. ಆ್ಯಂಟಿ-ಡಂಪಿಂಗ್ ಅರ್ಜಿಯನ್ನು ದೆಹಲಿಯ ವಾಣಿಜ್ಯ ಪರಿಹಾರಗಳ ಮಹಾನಿರ್ದೇಶನಾಲಯಕ್ಕೆ ಹಾಕಬೇಕು. ‘ದೇಶೀಯ ಉದ್ದಿಮೆ’ಗೆ ಹಾನಿಯಾಗಿದೆ ಎಂದು ಅಂಕಿಅಂಶ ಸಮೇತ ರುಜುವಾತುಪಡಿಸಬೇಕು. ತನಿಖೆಗೆ ಒಂದು ವರ್ಷದಷ್ಟು ಹಿಡಿಯಬಹುದು. ಇಪ್ಪತ್ತೈದು ದಿನದ ಬೆಳೆ ಬೆಳೆಯುವವನಿಗೆ ಒಂದು ವರ್ಷವೆಂದರೆ ಐದು ಬೆಳೆಯ ನಷ್ಟ. ಆ ಕಚೇರಿಯಲ್ಲಿ ಸೊಪ್ಪು ಕೊಯ್ಯುವ ಕೂಲಿಗೆ, ಚರಕದಲ್ಲಿ ಬಿಸಿನೀರಿಗೆ ಕೈ ಅದ್ದಿ ನೂಲು ಬಿಚ್ಚುವವನಿಗೆ ವಾದಿಯಾಗಿ ನಿಲ್ಲಲು ಜಾಗವೇ ಇಲ್ಲ. ಕಾನೂನು ಸರಕನ್ನು ಗುರುತಿಸುತ್ತದೆ, ಉದ್ದಿಮೆಯನ್ನು ಗುರುತಿಸುತ್ತದೆ, ದುಡಿಯುವವರನ್ನು ಗುರುತಿಸುವುದಿಲ್ಲ.

ಇದೇ ದೋಷ ಗಾರ್ಮೆಂಟ್ಸ್ ವಿಷಯದಲ್ಲಿ ಇನ್ನೂ ಢಾಳಾಗಿ ಕಾಣುತ್ತದೆ. ಬೆಂಗಳೂರಿನ ಬಾಡಿಗೆ, ಕೂಲಿ ಎರಡೂ ಏರಿದ ಮೇಲೆ ಸಿದ್ಧ ಉಡುಪಿನ ಕಾರ್ಖಾನೆಗಳು ಮೈಸೂರು ರಸ್ತೆಯ ಗುಂಟ ಬಂದು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದಲ್ಲಿ ನೆಲೆ ನಿಂತವು. ಹಳ್ಳಿಯ ಹೆಂಗಸರಿಗೆ ಊರು ಬಿಡದೆ ತಿಂಗಳ ಸಂಬಳ, ಪಿ.ಎಫ್., ಇ.ಎಸ್.ಐ. ಸಿಕ್ಕಿದ್ದು ಇವುಗಳಿಂದಲೇ. ಅದನ್ನು ಹಗುರವಾಗಿ ಕಾಣಬಾರದು. ಬೆಳಿಗ್ಗೆ ಏಳರ ಹೊತ್ತಿಗೆ ಕಂಪನಿಯ ವ್ಯಾನಿಗೆ ಕಾಯುವ ಈ ಹೆಂಗಸರು ಅಷ್ಟರಲ್ಲೇ ಅಡುಗೆ ಮುಗಿಸಿ, ಹಾಲು ಡೇರಿಗೆ ಹಾಕಿ, ಮಕ್ಕಳ ಬುತ್ತಿ ಕಟ್ಟಿರುತ್ತಾರೆ. ಒಳಗೆ ಹೋದರೆ ಗಂಟೆಗೆ ಇಷ್ಟು ಕಾಲರ್, ಇಷ್ಟು ತೋಳು ಎಂಬ ಟಾರ್ಗೆಟ್. ಸಂಬಳ ಬಂದ ದಿನವೇ ಸಂಘದ ಕಂತು, ಮೈಕ್ರೋ ಫೈನಾನ್ಸಿನ ಕಂತು, ಚೀಟಿ, ಮಗಳ ಕಾಲೇಜಿನ ಫೀಸು ಎಂದು ದುಡ್ಡು ಹಂಚಿಹೋಗುತ್ತದೆ. ಎರಡು ತಿಂಗಳು ಸಂಬಳ ನಿಂತರೆ ಮೊದಲು ಬಂದು ಬಾಗಿಲಲ್ಲಿ ಕೂರುವವನು ಕಂತಿನವನು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದೇ ಈ ಮನೆಗಳ ಸ್ಥಿತಿ ಎಷ್ಟು ನಾಜೂಕೆಂಬುದಕ್ಕೆ ಸಾಕ್ಷಿ.

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ನಡೆದದ್ದನ್ನು ಜಿಲ್ಲೆ ಮರೆಯಬಾರದು. ಗೋಕಲದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ ಯೂರೋ ಕ್ಲೋಥಿಂಗ್ ಕಂಪನಿ–2ರಲ್ಲಿ 1,200ಕ್ಕೂ ಹೆಚ್ಚು ಕೆಲಸಗಾರರಿದ್ದರು, ಬಹುಪಾಲು ಹೆಂಗಸರು. ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದ ಘಟಕ ಅದು. ಕೊರೊನಾ ಕಾಲದಲ್ಲಿ ಆರ್ಡರ್ ಇಲ್ಲವೆಂದು ಆಡಳಿತವರ್ಗ ಎಲ್ಲರನ್ನೂ ಲೇ-ಆಫ್ ಮಾಡಿತು. ಸಂಘ ಕಟ್ಟಿಕೊಂಡಿದ್ದಕ್ಕೇ ಈ ಘಟಕವನ್ನು ಆರಿಸಿದ್ದಾರೆ, ಕಾನೂನಿನ ಅನುಮತಿಯನ್ನೂ ಪಡೆದಿಲ್ಲ ಎಂಬುದು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ನಿನ ವಾದವಾಗಿತ್ತು. ಹೆಂಗಸರು ಕಾರ್ಖಾನೆಯ ಮುಂದೆ ವಾರಗಟ್ಟಲೆ ಧರಣಿ ಕೂತರು. ಕೊನೆಗೆ 2021ರ ಆರಂಭದಲ್ಲಿ ಇಂಡಸ್ಟ್ರಿಆಲ್ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟದ ಮಧ್ಯಸ್ಥಿಕೆಯಲ್ಲಿ, ಕೆಲಸ ಕಳೆದುಕೊಂಡವರನ್ನು ಕಂಪನಿಯ ಬೇರೆ ಘಟಕಗಳಿಗೆ ಮರಳಿ ತೆಗೆದುಕೊಳ್ಳುವ ಒಪ್ಪಂದವಾಯಿತು. ಮಂಡ್ಯದ ಹೆಂಗಸರ ಅನ್ನದ ಪ್ರಶ್ನೆ ಬಗೆಹರಿಯಲು ಹೊರದೇಶದ ಬ್ರ್ಯಾಂಡಿನ ಮರ್ಯಾದೆಯ ಚಿಂತೆ ಮತ್ತು ಜಿನೀವಾದಲ್ಲಿ ಕಚೇರಿಯಿದ್ದ ಒಕ್ಕೂಟದ ಒತ್ತಡ ಬೇಕಾಯಿತು. ಹೋರಾಟ ಅವರದೇ, ಗೆಲುವೂ ಅವರದೇ. ಸಂಘವಿಲ್ಲದ, ಹೆಸರಾಂತ ಬ್ರ್ಯಾಂಡ್ ಇಲ್ಲದ ಸಣ್ಣ ಘಟಕದ ಹೆಂಗಸರಿಗೆ ಅದೂ ಇಲ್ಲ.

2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಬಹುಪಾಲು ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಶೇ 50ಕ್ಕೆ ಏರಿಸಿತು. ಕೇಂದ್ರ ಸರ್ಕಾರ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಹೇಳಲೇಬೇಕು. ಹತ್ತಿಯ ಆಮದು ಸುಂಕವನ್ನು ಕೆಲವು ತಿಂಗಳ ಮಟ್ಟಿಗೆ ಮನ್ನಾ ಮಾಡಿತು. ನವೆಂಬರ್‌ನಲ್ಲಿ 25,060 ಕೋಟಿ ರೂಪಾಯಿಯ ರಫ್ತು ಉತ್ತೇಜನ ಮಿಷನ್‌ಗೆ, ರಫ್ತುದಾರರಿಗೆ 20,000 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಖಾತರಿ ನೀಡುವ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ರಫ್ತುದಾರರ ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಮಾಡಿತು. ಕಾರ್ಖಾನೆ ಉಳಿದರೆ ಕೆಲಸ ಉಳಿಯುತ್ತದೆ, ಆದ್ದರಿಂದ ಇವೆಲ್ಲ ಬೇಕಾದ ಕ್ರಮಗಳೇ. ಆದರೆ ರಫ್ತುದಾರನ ಕೋಟಿಗಳ ಕಂತು ಮುಂದೂಡಿದ ವ್ಯವಸ್ಥೆ ಅವನ ಕಾರ್ಖಾನೆಯ ಟೈಲರಮ್ಮನ ವಾರದ ಕಂತಿನ ವಿಷಯದಲ್ಲಿ ಒಂದು ಮಾತೂ ಆಡಲಿಲ್ಲ. ಸಾಲದ ಖಾತರಿ ಪಡೆದ ಕಾರ್ಖಾನೆ ಇಷ್ಟು ತಿಂಗಳು ಯಾರನ್ನೂ ಕೆಲಸದಿಂದ ತೆಗೆಯಬಾರದು ಎಂಬ ಕರಾರನ್ನಾದರೂ ಸೇರಿಸಬಹುದಿತ್ತು. ಸಾರ್ವಜನಿಕರ ಹಣ ಖಾತರಿಗೆ ನಿಂತ ಮೇಲೆ ಅಷ್ಟು ಕೇಳುವುದು ಅತಿಯಲ್ಲ.

ಕೆಲಸಗಾರರಿಗೆ ಏನೂ ಇಲ್ಲವೇ? ಇದೆ, ಆದರೆ ಅದರ ಅಳತೆ ನೋಡಿ. ಇ.ಎಸ್.ಐ. ಅಡಿಯಲ್ಲಿ 2005ರ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ, 2018ರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬ ನಿರುದ್ಯೋಗ ಭತ್ಯೆಗಳಿವೆ. ಎರಡನೆಯದರಲ್ಲಿ ಸರಾಸರಿ ಸಂಬಳದ ಅರ್ಧದಷ್ಟು, 90 ದಿನಗಳವರೆಗೆ, ಜೀವಮಾನದಲ್ಲಿ ಒಮ್ಮೆ. ತಿಂಗಳಿಗೆ 12,000 ರೂಪಾಯಿ ದುಡಿಯುವವಳಿಗೆ ಒಟ್ಟು 18,000 ಆಯಿತು. ಅದೂ ಕೆಲಸ ತಾನಾಗಿ ಬಿಟ್ಟದ್ದಲ್ಲ ಎಂದಾಗಬೇಕು. ಆರ್ಡರ್ ಕಡಿಮೆಯಾದಾಗ ಅನೇಕ ಕಡೆ ನಡೆಯುವುದೇನೆಂದರೆ, ಟಾರ್ಗೆಟ್ ಏರಿಸಿ, ವ್ಯಾನ್ ನಿಲ್ಲಿಸಿ, ದೂರದ ಘಟಕಕ್ಕೆ ವರ್ಗಾಯಿಸಿ, ಕೊನೆಗೆ ಅವಳಿಂದಲೇ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸುವುದು. ಸಹಿ ಬಿದ್ದ ಮೇಲೆ ಭತ್ಯೆಯ ಬಾಗಿಲು ಮುಚ್ಚಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ: ಕೆಲಸದಿಂದ ತೆಗೆದ ಪ್ರತಿಯೊಬ್ಬರಿಗೂ 15 ದಿನದ ಸಂಬಳದಷ್ಟು ಹಣವನ್ನು ಮಾಲೀಕ ಮರುಕೌಶಲ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕೆಲಸಗಾರರ ಖಾತೆ ಸೇರಬೇಕು. ಆದರೆ ಅದೇ ಸಂಹಿತೆ, ಸರ್ಕಾರದ ಅನುಮತಿ ಇಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ ಎಂಬ ರಕ್ಷಣೆಯನ್ನು 100 ಜನರ ಕಾರ್ಖಾನೆಯಿಂದ 300 ಜನರ ಕಾರ್ಖಾನೆಗೆ ಸರಿಸಿತು. 280 ಜನ ದುಡಿಯುವ ಘಟಕವೊಂದು ಈಗ ಯಾರನ್ನೂ ಕೇಳಬೇಕಾಗಿಲ್ಲ. ಹದಿನೈದು ದಿನದ ಸಂಬಳದಲ್ಲಿ ನಲವತ್ತೆರಡು ವರ್ಷದ ಹೆಂಗಸು ಯಾವ ಹೊಸ ಕೌಶಲ ಕಲಿತು ಯಾವ ಕೆಲಸಕ್ಕೆ ಹೋಗಬೇಕು?

ಹೊರಗಿನ ದೇಶಗಳು ಈ ದಾರಿಯಲ್ಲಿ ಮೊದಲೇ ನಡೆದಿವೆ, ಎಡವಿಯೂ ಇವೆ. ಅಮೆರಿಕ 1962ರಲ್ಲಿ, ಅಧ್ಯಕ್ಷ ಕೆನಡಿಯವರ ಕಾಲದಲ್ಲಿ, ಸುಂಕ ಇಳಿಸುವ ಕಾಯ್ದೆಯ ಜೊತೆಯಲ್ಲೇ ವ್ಯಾಪಾರ ಹೊಂದಾಣಿಕೆ ನೆರವನ್ನು ತಂದಿತು. ಆಮದಿನಿಂದ ಕೆಲಸ ಹೋದವರಿಗೆ ಭತ್ಯೆ, ತರಬೇತಿ, ಕಂಪನಿಗಳಿಗೆ ನೆರವು. ಆದರೆ ‘ಕೆಲಸ ಹೋದದ್ದು ಸುಂಕ ಇಳಿಸಿದ್ದರಿಂದಲೇ’ ಎಂಬ ರುಜುವಾತಿನ ಷರತ್ತು ಎಷ್ಟು ಬಿಗಿಯಾಗಿತ್ತೆಂದರೆ 1969ರವರೆಗೆ ಒಬ್ಬ ಕಾರ್ಮಿಕನ ಅರ್ಜಿಯೂ ಮಂಜೂರಾಗಲಿಲ್ಲ. 1974ರಲ್ಲಿ ಷರತ್ತು ಸಡಿಲವಾಯಿತು. 2002ರಲ್ಲಿ ಐವತ್ತು ದಾಟಿದವರಿಗೆ ವೇತನ ವಿಮೆ ಸೇರಿತು. ಹೊಸ ಕೆಲಸದಲ್ಲಿ ಸಂಬಳ ಕಡಿಮೆಯಾದರೆ ವ್ಯತ್ಯಾಸದ ಅರ್ಧವನ್ನು ಎರಡು ವರ್ಷ ಸರ್ಕಾರ ಭರಿಸುವುದು. 2022ರ ಜುಲೈನಲ್ಲಿ ಕಾಂಗ್ರೆಸ್ ನವೀಕರಿಸದೆ ಯೋಜನೆಗೆ ಹೊಸ ಅರ್ಜಿ ತೆಗೆದುಕೊಳ್ಳುವುದೇ ನಿಂತಿತು. ಯುರೋಪಿನ ಒಕ್ಕೂಟ 2006ರಲ್ಲಿ ಇಂಥದೇ ನಿಧಿ ಮಾಡಿ, ಆರಂಭದಲ್ಲಿ ಸಾವಿರ ಜನ ಕೆಲಸ ಕಳೆದುಕೊಂಡರೆ ಮಾತ್ರ ಎಂದಿದ್ದ ಮಿತಿಯನ್ನು ಈಗ 200ಕ್ಕೆ ಇಳಿಸಿದೆ.

ನಾವೂ ಒಮ್ಮೆ ಪ್ರಯತ್ನಿಸಿದ್ದೆವು ಎಂಬುದನ್ನು ಈಗ ಯಾರೂ ನೆನೆಯುವುದಿಲ್ಲ. ಉದಾರೀಕರಣದ ಮರುವರ್ಷ, 1992ರಲ್ಲಿ, ಕೇಂದ್ರ ಸರ್ಕಾರ ರಾಷ್ಟ್ರೀಯ ನವೀಕರಣ ನಿಧಿ ಸ್ಥಾಪಿಸಿತು. ಕೆಲಸ ಕಳೆದುಕೊಂಡವರಿಗೆ ಮರುತರಬೇತಿ, ಮರುಉದ್ಯೋಗ ಎಂಬುದು ಘೋಷಿತ ಉದ್ದೇಶ. ಹಣದ ಬಹುಭಾಗ ಸರ್ಕಾರಿ ಕಂಪನಿಗಳ ಸ್ವಯಂನಿವೃತ್ತಿಗೆ ಹೋಯಿತು, 2000ದಲ್ಲಿ ನಿಧಿಯನ್ನೇ ಮುಚ್ಚಿದರು. ಖಾಸಗಿ ಕಾರ್ಖಾನೆಯ ಕೂಲಿಕಾರನೂ ರೇಷ್ಮೆ ಬೆಳೆಗಾರನೂ ಅದರ ನೆರಳನ್ನೂ ಕಾಣಲಿಲ್ಲ. ಈ ನಿಧಿಯಿಂದ ನಾವು ಕಲಿಯಬೇಕಾದದ್ದು ಹಣ ನೇರವಾಗಿ ನೊಂದವರಿಗೇ ಹೋಗಬೇಕು ಎಂಬುದು; ಅಮೆರಿಕದ ಅನುಭವದಿಂದ ಕಲಿಯಬೇಕಾದದ್ದು, ನೊಂದವನೇ ಬಂದು ತನ್ನ ನಷ್ಟದ ಕಾರಣವನ್ನು ಸಾಬೀತುಪಡಿಸಲಿ ಎಂದರೆ ಯೋಜನೆ ಕಾಗದದಲ್ಲೇ ಸಾಯುತ್ತದೆ ಎಂಬುದು.

ಬರಗಾಲದ ಮಾದರಿ ಇಲ್ಲೇ ಉಪಯೋಗಕ್ಕೆ ಬರುವುದು. ಮಳೆ ಬಾರದ್ದು ಏಕೆಂದು ರೈತ ವಿವರಿಸಬೇಕಾಗಿಲ್ಲ, ಮಳೆಮಾಪಕ ಹೇಳುತ್ತದೆ. ವ್ಯಾಪಾರದ ಹೊಡೆತಕ್ಕೂ ಅಂಥ ಮಾಪಕಗಳು ನಮ್ಮಲ್ಲಿವೆ. 1959ರ ಕರ್ನಾಟಕದ ರೇಷ್ಮೆ ಕಾಯ್ದೆಯ ಪ್ರಕಾರ ಗೂಡಿನ ವಹಿವಾಟು ಸರ್ಕಾರಿ ಮಾರುಕಟ್ಟೆಯಲ್ಲೇ ನಡೆಯಬೇಕು. ದಿನದ ಗರಿಷ್ಠ, ಕನಿಷ್ಠ, ಸರಾಸರಿ ಬೆಲೆ ಇಲಾಖೆಯ ಬಳಿ ಇರುತ್ತದೆ. ಯಾವ ರೈತ ಎಷ್ಟು ಕೆ.ಜಿ. ತಂದ ಎಂಬುದೂ ಇರುತ್ತದೆ. ಆಮದು ಎಷ್ಟಾಯಿತು, ಯಾವ ಬೆಲೆಗೆ ಬಂತು ಎಂಬುದು ಕೇಂದ್ರದ ಕಸ್ಟಮ್ಸ್ ದಾಖಲೆಯಲ್ಲಿದೆ. ತಾಲೂಕಿನಲ್ಲಿ ತಿಂಗಳಿಗೆ ಎಷ್ಟು ಜನರ ಪಿ.ಎಫ್., ಇ.ಎಸ್.ಐ. ಕಟ್ಟಿದ್ದಾರೆ ಎಂಬುದು ಕಂಪ್ಯೂಟರಿನಲ್ಲಿ ಕೂತಿದೆ. ಗೂಡಿನ ಸರಾಸರಿ ಬೆಲೆ ಹಿಂದಿನ ಮೂರು ವರ್ಷದ ಸರಾಸರಿಗಿಂತ ಶೇ 30ರಷ್ಟು ಕೆಳಗಿಳಿದು, ಅದೇ ಅವಧಿಯಲ್ಲಿ ಆಮದು ಏರಿದ್ದರೆ ಅಥವಾ ಸುಂಕ ಇಳಿದಿದ್ದರೆ ತಾಲೂಕನ್ನು ವ್ಯಾಪಾರಪೀಡಿತ ಎಂದು ಘೋಷಿಸಬೇಕು. ರಫ್ತು ಕಾರ್ಖಾನೆಗಳಲ್ಲಿ ಇ.ಎಸ್.ಐ. ಕಟ್ಟುವವರ ಸಂಖ್ಯೆ ಒಂದು ಮಿತಿಗಿಂತ ಕುಸಿದರೂ ಹಾಗೆಯೇ. ಘೋಷಣೆಯಾದ ಮೇಲೆ ಒಬ್ಬೊಬ್ಬರಿಂದ ಕಾರಣ ಕೇಳಬಾರದು, ರಾಜೀನಾಮೆಯ ಸಹಿಯನ್ನೂ ಮುಂದೆ ಹಿಡಿಯಬಾರದು.

ಶೇ 30 ಎಂಬುದನ್ನು ನಾನು ಸುಮ್ಮನೆ ಹೇಳಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದ ಎರಡನೆಯ ಅನುಬಂಧದಲ್ಲಿ, ರೈತನ ಆದಾಯ ಹಿಂದಿನ ಮೂರು ವರ್ಷದ ಸರಾಸರಿಗಿಂತ ಶೇ 30ಕ್ಕೂ ಹೆಚ್ಚು ಕುಸಿದರೆ ನಷ್ಟದ ಶೇ 70ಕ್ಕಿಂತ ಕಡಿಮೆ ಭಾಗವನ್ನು ಸರ್ಕಾರ ತುಂಬಿಕೊಡಲು ಅವಕಾಶವಿದೆ. ರೇಷ್ಮೆ ಗೂಡು ಮತ್ತು ಕಚ್ಚಾ ರೇಷ್ಮೆ ಆ ಒಪ್ಪಂದದ ವ್ಯಾಪ್ತಿಗೆ ಬರುವ ಕೃಷಿ ಉತ್ಪನ್ನಗಳೇ. ಬೆಲೆಯ ಮೂಲಕ ಕೊಡುವ ಬೆಂಬಲ ಮಾತ್ರ ತಕರಾರಿಗೆ ಸಿಕ್ಕಿಕೊಳ್ಳುತ್ತದೆ. ಅದರ ರುಚಿ ಮಂಡ್ಯದ ಕಬ್ಬಿಗೆ ಗೊತ್ತಿದೆ. ನಮ್ಮ ಕಬ್ಬಿನ ಬೆಲೆ ನಿಗದಿ ಮತ್ತು ಸಕ್ಕರೆ ರಫ್ತು ಸಬ್ಸಿಡಿಯ ವಿರುದ್ಧ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲ ಹೂಡಿದ ದಾವೆಯಲ್ಲಿ 2021ರ ಡಿಸೆಂಬರ್‌ನಲ್ಲಿ ತೀರ್ಪು ಭಾರತದ ವಿರುದ್ಧ ಬಂತು, ಭಾರತ ಮೇಲ್ಮನವಿ ಹಾಕಿದೆ. ಆದಾಯದ ನಷ್ಟ ತುಂಬುವ ದಾರಿ ಹಿಡಿದರೆ ಇಂಥ ದಾವೆಗೆ ಎಡೆ ಕಡಿಮೆ.

ಕಬ್ಬಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಂಡ್ಯದ ಎಲ್ಲ ಸಂಕಟಕ್ಕೂ ಹೊರದೇಶವನ್ನು ದೂರುವುದು ಸುಲಭ. 1933ರಲ್ಲಿ ಶುರುವಾದ ಮೈಷುಗರ್ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತು 2022ರಲ್ಲಿ ಮತ್ತೆ ಅರೆಯಲು ತೊಡಗಿದ ಕಥೆಯಲ್ಲಿ ಬ್ರೆಜಿಲ್‌ನ ಪಾತ್ರವಿಲ್ಲ, ನಮ್ಮ ಆಡಳಿತದ ಪಾತ್ರವಿದೆ. ಆದರೆ 2015ರ ಬೇಸಿಗೆ ಬೇರೆ. ಜಗತ್ತಿನಲ್ಲೂ ದೇಶದಲ್ಲೂ ಸಕ್ಕರೆ ಉಕ್ಕಿ ಬೆಲೆ ಕುಸಿದು, ಕಾರ್ಖಾನೆಗಳು ಬಾಕಿ ಉಳಿಸಿಕೊಂಡು, ಮಂಡ್ಯದಲ್ಲಿ ರೈತರ ಆತ್ಮಹತ್ಯೆಗಳ ಸಾಲೇ ನಡೆಯಿತು. ಆಗ ಕೇಂದ್ರ ಕಾರ್ಖಾನೆಗಳಿಗೆ ಘೋಷಿಸಿದ 6,000 ಕೋಟಿ ರೂಪಾಯಿ ಸಾಲದ ಹಣವನ್ನು ಬ್ಯಾಂಕುಗಳು ರೈತರ ಪಟ್ಟಿ ಪಡೆದು ನೇರ ಖಾತೆಗೆ ಹಾಕಬೇಕೆಂದು ಷರತ್ತು ಮಾಡಿತ್ತು. ಅದೇ ವರ್ಷದ ಕೊನೆಗೆ ಕ್ವಿಂಟಲ್ ಕಬ್ಬಿಗೆ 4.50 ರೂಪಾಯಿ ಸಹಾಯಧನವನ್ನೂ ರೈತರಿಗೇ ನೇರ ಕೊಡಲು ತೀರ್ಮಾನಿಸಿತು. ನೇರ ಪಾವತಿ ಆಗದ ಮಾತು ಎನ್ನುವವರಿಗೆ ಇದೇ ಉತ್ತರ. ಇಂದು ಕರ್ನಾಟಕದಲ್ಲಿ ರೈತರ ‘ಫ್ರೂಟ್ಸ್’ ದತ್ತಾಂಶವಿದೆ, ಬೆಳೆನಷ್ಟ ಪಾವತಿಸುವ ‘ಪರಿಹಾರ’ ತಂತ್ರಾಂಶವಿದೆ, ಹೋಬಳಿಗಳಲ್ಲಿ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರಗಳಿವೆ. ಸೊಪ್ಪು ಕೊಯ್ಯುವ ಕೂಲಿಯನ್ನು ಗುರುತಿಸುವುದು ಇವುಗಳಿಂದ ಆಗದು, ನಿಜ. ಅಲ್ಲಿ ಗ್ರಾಮ ಪಂಚಾಯಿತಿ ಮುಂದೆ ಬರಬೇಕು, ವ್ಯಾಪಾರಪೀಡಿತ ತಾಲೂಕಿನಲ್ಲಿ ಉದ್ಯೋಗ ಖಾತರಿಯ ದಿನಗಳನ್ನು ಹೆಚ್ಚಿಸಬೇಕು.

ಪರಿಹಾರದಲ್ಲಿ ಏನಿರಬೇಕು ಎಂಬುದರಲ್ಲಿ ನನ್ನ ಒಲವು ತರಬೇತಿಗಿಂತ ನಗದಿನ ಕಡೆಗೆ. ಕೊನೆಯಲ್ಲಿ ಕೆಲಸವಿಲ್ಲದ ತರಬೇತಿಯಿಂದ ತರಬೇತಿ ಸಂಸ್ಥೆಗೆ ಮಾತ್ರ ಲಾಭ. ತೋಟ ಕೀಳದೆ ಉಳಿಸಿಕೊಳ್ಳಲು ಎಕರೆಗೆ ಇಷ್ಟೆಂದು ಎರಡು ವರ್ಷದ ಮೊತ್ತ, ಸಹಕಾರ ಸಂಘದಿಂದ ಹಿಡಿದು ಮೈಕ್ರೋ ಫೈನಾನ್ಸಿನವರೆಗೆ ಎಲ್ಲ ಕಂತುಗಳಿಗೆ ಬಿಡುವು, ನೂಲು ಬಿಚ್ಚುವ ರೀಲರ್‌ಗಳಿಗೆ ಬಂಡವಾಳದ ಸಾಲ, ನಲವತ್ತು ದಾಟಿದ ಗಾರ್ಮೆಂಟ್ಸ್ ಹೆಂಗಸಿಗೆ ವೇತನ ವಿಮೆ. ಬೇರೆ ಕಡೆ ಕಡಿಮೆ ಸಂಬಳದ ಕೆಲಸಕ್ಕೆ ಸೇರಿದರೂ ಅವಳ ಮನೆ ಎರಡು ವರ್ಷ ನಡೆಯುವಂತಿರಬೇಕು. ತನ್ನ ತಪ್ಪಿಲ್ಲದೆ ಮುಳುಗುವ ಹತ್ತಿಪ್ಪತ್ತು ಜನರ ಘಟಕಕ್ಕೂ ದೊಡ್ಡ ರಫ್ತುದಾರನಿಗೆ ಸಿಗುವ ಖಾತರಿ ಸಿಗಬೇಕು.

ಇಷ್ಟಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆಗಿಂತ ಹಣ ಯಾರದು ಎಂಬ ಪ್ರಶ್ನೆ ಮೊದಲು ಬರಬೇಕು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 14ನೆಯ ನಮೂದು ವಿದೇಶಗಳೊಂದಿಗಿನ ಒಪ್ಪಂದ, ರಾಜ್ಯ ಪಟ್ಟಿಯ 14ನೆಯ ನಮೂದು ಕೃಷಿ. ಒಪ್ಪಂದಕ್ಕೆ ಸಹಿ ಹಾಕುವುದು ದೆಹಲಿ, ಅದರ ಪೆಟ್ಟು ತಿಂದವರು ಬಂದು ನಿಲ್ಲುವುದು ಬೆಂಗಳೂರಿನ ಮುಂದೆ. ಯಂತ್ರ ಬಂದು ಕೆಲಸ ಹೋದರೂ ನೋವು ಅಷ್ಟೇ ಅಲ್ಲವೇ, ವ್ಯಾಪಾರಕ್ಕೆ ಮಾತ್ರ ವಿಶೇಷ ಏಕೆ ಎಂದು ಕೇಳುವವರಿದ್ದಾರೆ. ನೋವು ಅಷ್ಟೇ, ಒಪ್ಪುತ್ತೇನೆ. ಆದರೆ ಸುಂಕ ಇಳಿಸುವುದು, ಒಪ್ಪಂದ ಮಾಡಿಕೊಳ್ಳುವುದು ಚುನಾಯಿತ ಸರ್ಕಾರ ತಿಳಿದೇ ಮಾಡುವ ಕೆಲಸ. ಒಟ್ಟು ದೇಶಕ್ಕೆ ಲಾಭ ಎಂಬ ಲೆಕ್ಕದ ಮೇಲೆ ಮಾಡುತ್ತದೆ. ಆ ಲೆಕ್ಕದಲ್ಲಿ ನಷ್ಟದ ಕಡೆ ಯಾರಿದ್ದಾರೆಂದು ಅದಕ್ಕೆ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಪರಿಹಾರದ ಹೊಣೆ ಕೇಂದ್ರದ್ದು, ಆಮದು ಸುಂಕದ ಆದಾಯದಲ್ಲಿ ಒಂದು ಪಾಲನ್ನು ಅದಕ್ಕೆಂದೇ ಕಾನೂನಿನಲ್ಲಿ ಎತ್ತಿಡಬೇಕು.

2019ರ ನವೆಂಬರ್ 4ರಂದು ಭಾರತ ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರದ ಆರ್‌ಸಿಇಪಿ ಒಪ್ಪಂದದಿಂದ ಹಿಂದೆ ಸರಿದಾಗ ಗೆಜ್ಜಲಗೆರೆಯ ಡೇರಿಗೆ ಹಾಲು ಹಾಕುವ ಮನೆಗಳು ನಿಟ್ಟುಸಿರು ಬಿಟ್ಟವು. ನ್ಯೂಜಿಲೆಂಡಿನ ಹಾಲಿನ ಪುಡಿಯ ಭಯ ಅಂದಿಗೆ ತಪ್ಪಿತು. ಆದರೆ ಒಪ್ಪಂದಗಳಿಂದ ಸದಾ ದೂರ ಉಳಿಯಲು ಬರುವುದಿಲ್ಲ, ಉಳಿಯಲೂಬಾರದು. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಿಂದ ನಮ್ಮ ಉಡುಪಿಗೆ ಅಲ್ಲಿ ಸುಂಕವಿಲ್ಲದ ಪ್ರವೇಶ ಸಿಗಲಿದೆ, ಅದರಿಂದ ಮದ್ದೂರಿಗೂ ಕೆಲಸ ಬರಬಹುದು. ಮುಂದಿನ ಒಪ್ಪಂದದಲ್ಲಿ ಹಾಲೋ ರೇಷ್ಮೆಯೋ ಬಿಟ್ಟುಕೊಡುವ ಪಟ್ಟಿಗೆ ಸೇರಬಹುದು. ಮಂಡ್ಯದ ಸಂಸದರು, ಶಾಸಕರು, ರೈತ ಸಂಘದವರು, ಕಾರ್ಮಿಕ ಸಂಘದವರು ಪ್ರತಿ ಒಪ್ಪಂದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ಸೋಲುವವರ ಪಟ್ಟಿ ಎಲ್ಲಿ, ಅವರಿಗೆ ಎತ್ತಿಟ್ಟ ಹಣ ಎಷ್ಟು? ಕೇಂದ್ರ ಕಾಯ್ದೆ ಮಾಡುವವರೆಗೆ ರಾಜ್ಯ ಕಾಯಬೇಕಾಗಿಲ್ಲ. ಗೂಡಿನ ಬೆಲೆಯ ದಾಖಲೆ, ರೈತರ ಖಾತೆಗಳು ಎರಡೂ ರೇಷ್ಮೆ ಇಲಾಖೆಯ ಕೈಯಲ್ಲೇ ಇವೆ. ಮಳವಳ್ಳಿ ಮತ್ತು ಮದ್ದೂರು ತಾಲೂಕುಗಳನ್ನೇ ಮೊದಲ ಪ್ರಯೋಗಕ್ಕೆ ತೆಗೆದುಕೊಂಡು ಬರುವ ಬಜೆಟ್‌ನಲ್ಲಿ ಇದನ್ನು ಶುರುಮಾಡಲಿ.